ಕೈ ಆಡಿಸದಿದ್ರೆ ಕತ್ತಲೆ

ಕೆಲಸ ಹೋಗುವ ಹೊತ್ತಿಗೇ ನಗು ಬರುವಂಥದ್ದೆಲ್ಲ ಸಾಲು ಕಟ್ಟಿ ಬರ್ತದೆ ನೋಡಿ, ಎಂತ ಮಾಡುದು.

ಉಮ್ ಅಲ್ ಹಸ್ಸಮ್ ಏರಿಯಾದ ಒಂದು ಬಿಲ್ಡಿಂಗಿನ ಗೇಟು, ಲೈಟು, ಎಸಿ ಎಲ್ಲ ನನ್ನ ಕೈಯಲ್ಲಿತ್ತು. ಶಾಲೆ ನನಗೆ ಆಗಿ ಬರ್ಲಿಲ್ಲ. ಆದ್ರೆ ನನ್ನಂಥ ಕೆಲಸಗಾರ ಇಡೀ ಬಹ್ರೈನಲ್ಲಿ ಇಲ್ಲ, ಬೇಕಾದ್ರೆ ಹುಡುಕಿ. ಆದ್ರೂ ಬಿಲ್ಡಿಂಗಿನ ಯಜಮಾನ, ನಮ್ಮ ಅರ್ಬಾಬ್, ಬೆಂಗಳೂರಿನ ಒಬ್ಬ ಇಂಜಿನಿಯರನ್ನು ತಂದ. ಇನ್ನು ಎಲ್ಲ ಕಂಪ್ಯೂಟರೇ ನೋಡ್ಕೊಳ್ತದಂತೆ. ಅದು ಸರಿಯಾಗಿ ನಡೆದ್ರೆ ನನ್ನ ಕೆಲಸ, ವೀಸಾ ಎರಡೂ ಖಲಾಸ್.

ಎಸಿ

ಕರೆಂಟು ಹೋಗಿ ಬಂತು. ಎಸಿ ಮಾತ್ರ ಸುಮ್ಮನೆ. ನಾನು ರಿಸೆಟ್ ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಮೇಲಿನ ಮನೆಯ ಅಕ್ಕ ಬೆವರು ಒರೆಸಿಕೊಂಡು ಬಂದ್ರು. "ಅಣ್ಣಾ, ನಾವೆಲ್ಲ ಬೆಂದು ಹೋದ್ವು ಮಾರಾಯ್ರೆ!"

ಫೋನ್ ಮಾಡಿದ್ರೆ ಇಂಜಿನಿಯರ್ ಕಿರುಚಿದ. "ಅಂಕಲ್, ಕಂಪ್ರೆಸರ್ ಹಾಳಾಗ್ಬಾರ್ದು ಅಂತ ಪ್ರೋಗ್ರಾಮಲ್ಲಿ ಡಿಲೇ ಹಾಕಿದೀನಿ. ಸ್ವಲ್ಪ ಹೊತ್ತು ಕಾದು ಅದೇ ಆನ್ ಆಗುತ್ತೆ. ನೀವು ಒತ್ತಿದಾಗೆಲ್ಲ ಕಾಯೋದು ಮತ್ತೆ ಮೊದಲಿಂದ ಶುರು!"

"ಮೊದಲೇ ಹೇಳ್ಲಿಕ್ಕೆ ಎಂತ ದಾಡಿ ನಿಂಗೆ?" ಅಂತ ಬೈದು ಫೋನಿಟ್ಟೆ. ಹೋಗುವಾಗ ಇನ್ನೊಮ್ಮೆ ಒತ್ತಿದೆ. ಕೈ ಕೇಳ್ಬೇಕಲ್ಲ.

ಗೇಟು

ಗೇಟು ತೆರೆದು ಸ್ವಲ್ಪ ಹೊತ್ತು ಕಾದು ತಾನೇ ಮುಚ್ತದೆ, ಅದಕ್ಕೂ ಡಿಲೇ. ಅರ್ಬಾಬ್ ಗೇಟಿನ ನಡುವೆಯೇ ಕಾರು ನಿಲ್ಲಿಸಿ, ಎಸಿ ವಿಷಯಕ್ಕೆ ನನ್ನನ್ನು ಬೈಲಿಕ್ಕೆ ಶುರು ಮಾಡಿದ. ಅವನ ಬೈಗುಳ ಉದ್ದ, ಪ್ರೋಗ್ರಾಮಿನ ತಾಳ್ಮೆ ಗಿಡ್ಡ. ಗೇಟಿನ ಅಡ್ಡಕಂಬ ಮೇಲಿನಿಂದ ಇಳಿದು ಬಾನೆಟ್ ಮೇಲೆ ಕೂತಿತು.

ನನ್ನ ಕೈಯಲ್ಲಿದ್ದಾಗ ಬೈಗುಳ ಮುಗಿಯುವವರೆಗೆ ಗೇಟು ತೆರೆದೇ ಇಡ್ತಿದ್ದೆ. ಆ ಮರ್ಯಾದೆ ಕಂಪ್ಯೂಟರಿಗೆ ಎಲ್ಲಿ?

ಸೆಂಡಾಫ್

ಆದ್ರೂ ಕಂಪ್ಯೂಟರ್ ಉಳೀತು, ನನ್ನ ವೀಸಾ ಮುಗೀತು. ಕೆಳಗಿನ ಹಾಲಿನಲ್ಲಿ ಸೆಂಡಾಫ್ ಇಟ್ರು. ಯಾರೂ ಅಲುಗಾಡದಿದ್ರೆ ಅಲ್ಲಿ ಸ್ವಲ್ಪ ಹೊತ್ತು ಕಾದು ಲೈಟು ಆಫ್. ಅದೂ ಆ ಇಂಜಿನಿಯರನದ್ದೇ ಕೆಲಸ.

ನಾನು ಎದ್ದು ನಿಂತೆ. "ಈ ಬಿಲ್ಡಿಂಗಿನ ಒಂದೊಂದು ಬಲ್ಬೂ ನಾನು ಹಾಕಿದ್ದು..." ಅಂದು ತಲೆಯೆತ್ತಿ ಬಲ್ಬು ನೋಡ್ತಾ ನಿಂತೆ. ಎಲ್ಲ ತಲೆ ತಗ್ಗಿಸಿ ಕಲ್ಲಿನ ಹಾಗೆ ಕೂತ್ರು. ಅಕ್ಕ ಕಣ್ಣು ಕೂಡ ಒರೆಸ್ಲಿಲ್ಲ.

ಟಪ್. ಕತ್ತಲೆ.

"ಎಲ್ರೂ ಕೈ ಆಡಿಸಿ!" ಅಂತ ಇಂಜಿನಿಯರ್ ಕೂಗಿದ. ಲೈಟು ಬಂತು. ಮತ್ತೆ ಹೋಗುವ ಹೆದರಿಕೆಗೆ ಆಮೇಲೆ ಯಾರೂ ಕೈ ಇಳಿಸ್ಲಿಲ್ಲ. ಅರ್ಬಾಬನಿಂದ ಹಿಡಿದು ಎಲ್ಲರೂ ಅಳು ಮುಖ ಮಾಡಿಕೊಂಡು ನನಗೆ ಟಾಟಾ ಮಾಡ್ತಾ ಕೂತ್ರು.

ಕೈ ನೋಯ್ಲಿ ಅಂತ ನಾನೂ ಭಾಷಣ ನಿಲ್ಲಿಸ್ಲೇ ಇಲ್ಲ.