ಮಾಸ್ತರರ ಎದೆಗಾಗಿ ಮಕ್ಕಳಿಗೆ ಪಾಠ

ಸಾಲಿಯಲ್ಲಿ ಮಗ್ಗಿ ಕಲಿಸಿದರೆ ಅದು ಮನೆಯತನಕವೂ ಮುಟ್ಟುವುದಿಲ್ಲ. ಆರೋಗ್ಯದ ಪಾಠ ಮಾಡಿದರೆ ಮಾತ್ರ ಸಂಜೆಯೊಳಗೆ ಊರು ಸುತ್ತಿ, ಮರುದಿನ ಜಗಳವಾಗಿ ನನ್ನ ಮುಂದೆಯೇ ಬಂದು ನಿಲ್ಲುತ್ತದೆ. ೧೯೮೦ರ ಸುಮಾರಿಗೆ ಇಳಕಲ್ಲಿನಲ್ಲಿ ಟೀಚರಾಗಿದ್ದಾಗ ಇದು ನನ್ನ ಹಣೆಬರಹವೇ ಆಗಿಬಿಟ್ಟಿತ್ತು.

ಎದಿ ಪಾಠ

ನಮ್ಮ ಹೆಡ್‌ಮಾಸ್ತರರಿಗೆ ಆ ಬೇಸಿಗೆಯಲ್ಲಿ ಎದೆನೋವು ಬಂದಿತ್ತು. ತಂಬಾಕು ಬಿಡಿ, ಕರಿದದ್ದು ಬಿಡಿ, ದಿನಾ ನಡೆಯಿರಿ, ಇಲ್ಲದಿದ್ದರೆ ಇನ್ನೊಂದು ಸಲ ಬಂದರೆ ನನ್ನ ಕೈಯಲ್ಲಿಲ್ಲ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಮಾಸ್ತರರು ಡಾಕ್ಟರನ್ನೇ ಬಿಟ್ಟರು.

ಅವರ ಹೆಂಡತಿ ನಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡರು. "ಅಕ್ಕೋರ, ನಾ ಹೇಳಿದ್ರ ಕೇಳಂಗಿಲ್ಲ. ನೀವು ಹುಡುಗೂರಿಗೆ ಎದಿ ಪಾಠ ಮಾಡ್ರಿ. ಸಣ್ಣವ್ರ ಮುಂದ ನಾಚಿಕಿಗಾದ್ರೂ ಬಿಟ್ಟಾರು."

ಮಾಡಿದೆ. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ ಮಾಸ್ತರರು, "ಭಾಳ ಚಲೋ ಹೇಳಿದ್ರಿ. ಇದನ್ನ ಸಣ್ಣವರಿದ್ದಾಗ್ಲೇ ಕಲೀಬೇಕು ನೋಡ್ರಿ, ನಮ್ಮ ವಯಸ್ಸಿಗೆ ಉಪಯೋಗಿಲ್ಲ" ಎಂದು ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಹೋದರು.

ಚಂಚಿ

ಪಾಠ ಹತ್ತಿದ್ದು ಬೇರೆ ಕಡೆ. ಮೂರನೇ ಇಯತ್ತೆಯ ಹುಡುಗಿಯೊಬ್ಬಳು ತನ್ನಜ್ಜನ ಎಲೆ-ತಂಬಾಕಿನ ಚಂಚಿಯನ್ನು ಬಾವಿಗೆ ಎಸೆದಳು. ಮರುದಿನ ಅಜ್ಜ ಮಗ್ಗ ಬಿಟ್ಟು ಸಾಲಿಗೇ ಬಂದ.

"ಅಕ್ಕೋರ, ಈ ಕೂಸು ನನ್ನ ಎದಿ ಉಳಸ್ತೇನಿ ಅಂತದ. ಚಂಚಿ ಮುಳಗೋದ ನೋಡಿ ನನ್ನ ಎದಿ ಅಲ್ಲೇ ನಿಂತಿತ್ತು!"

ಮಾಸ್ತರರೇ ಸಮಾಧಾನ ಮಾಡಿದರು, ತಮ್ಮ ಡಬ್ಬಿಯಿಂದ ಒಂದು ಚಿಟಿಕೆ ಕೊಟ್ಟು.

ವಾಕಿಂಗ್

ಸುಸ್ತಾಗಿ, ದಿನಾ ಒಂದಿಷ್ಟು ನಡೆಯಿರಿ ಸಾಕು ಎಂದು ಮಾಸ್ತರರಿಗೆ ಹೇಳಿದೆ. ಒಪ್ಪಿದರು. ಆದರೆ ಹೆಡ್‌ಮಾಸ್ತರರು ಬಾಗಿಲ ಮುಂದೆ ಹಾದು ಹೋಗುವಾಗ ಒಳಗೆ ಕರೆಯದಿದ್ದರೆ ಆ ಮನೆಯ ಮರ್ಯಾದೆ ಏನಾಗಬೇಕು? "ಬರ್ರಿ ಸರ, ಚಾ ಕುಡದ ಹೋಗ್ರಿ." ಚಹಾದ ಜೊತೆ ಚುರುಮುರಿ, ಚುರುಮುರಿ ಜೊತೆ ಮಿರ್ಚಿ ಭಜಿ.

ತಿಂಗಳು ಕಳೆಯುವುದರೊಳಗೆ ಹೆಂಡತಿ ಮತ್ತೆ ಬಂದರು. "ಅಕ್ಕೋರ, ಮೊದಲ ಆ ನಡ್ಯೋದ ಬಿಡಸ್ರಿ. ಅಂಗಿ ಗುಂಡಿ ಹತ್ತವಲ್ವು."

ಮಾತಾಡಿಸಲು ಬಂದವರು

ಸರ್ ಅವರ ಎದೆ ನಾಜೂಕಾಗಿದೆ, ಭಜಿ ಕೊಡಬೇಡಿ ಎಂದು ಮನೆಯಲ್ಲಿ ಹೇಳಿ ಅಂತ ಮಕ್ಕಳಿಗೆ ಹೇಳಿದೆ. ಹೇಳಿದರು. ಮುಂದಿನದನ್ನು ಊರೇ ಸೇರಿಸಿಕೊಂಡಿತು. ರವಿವಾರ ಓಣಿಗೆ ಓಣಿಯೇ ಮಾಸ್ತರರನ್ನು ಮಾತಾಡಿಸಲು ಬಂತು.

ಬಂದವರನ್ನು ಹಾಗೇ ಕಳಿಸುವುದುಂಟೆ? ಹೆಂಡತಿ ಒಲೆಯ ಮುಂದೆ. ಪಕ್ಕದಲ್ಲಿ ಮೆಣಸಿನಕಾಯಿ ಸೀಳುತ್ತ ನಾನು, ಎದೆಯ ಪಾಠದ ಟೀಚರು. ಮಂದಿಯ ನಡುವೆ ಕೂತಿದ್ದ ಮಾಸ್ತರರು ತಾವೂ ಒಂದು ತಟ್ಟೆ ಎಳೆದುಕೊಂಡರು. "ಬ್ಯಾಡ್ರೀ..." ಎಂದ ಹೆಂಡತಿಯ ಕಣ್ಣು ತುಂಬಿತು.

ಹುನಗುಂದದಿಂದ ಬಸ್ಸಿಗೆ ಬಂದಿದ್ದ ಅವರ ಸಂಬಂಧದ ಮುದುಕಿಯೊಬ್ಬಳು ಆಕೆಯ ಬೆನ್ನು ಸವರಿದಳು.

"ತಿನ್ನಲಿ ಬಿಡವ್ವಾ, ಬ್ಯಾಡನಬ್ಯಾಡ. ನಮ್ಮ ಮನಿಯವ್ರಿಗೂ ಕಡೀಕ ಕೇಳಿದ್ದೆಲ್ಲಾ ಕೊಟ್ವಿ. ಹೋಗೋ ಜೀವ, ಆಶಾ ಉಳಕೊಂಡ ಹೋಗಬಾರದು."

ಭಜಿ ಮಾಸ್ತರರ ಬಾಯಿಯ ಹತ್ತಿರ ನಿಂತಿತು. ಆಮೇಲೆ ಮೆಲ್ಲಗೆ ತಟ್ಟೆಗಿಳಿಯಿತು. ತಟ್ಟೆ ಮುದುಕಿಯ ಕಡೆ ಸರಿಯಿತು.

"ನೀವ ತಿನ್ರಿ, ಅವ್ವಾರ," ಎಂದರು ಮಾಸ್ತರರು. "ನನಗ ಭಜಿ ಮ್ಯಾಲ ಮೊದಲಿಂದನೂ ಆಶಾ ಇಲ್ಲ."