ದೇವಿಗೂ ಅಜ್ಜಿಗೂ ಓದಿ ಹೇಳಿದವಳು

ಓದು ಕಲಿಸಲು ಕೂತ ಮೇಲೆ ಇಂಥವು ಆಗುತ್ತಲೇ ಇರುತ್ತವೆ. ನಗು ತಡೆದುಕೊಳ್ಳುವುದನ್ನು ಮಾತ್ರ ನಾನಿನ್ನೂ ಕಲಿತಿಲ್ಲ. ಬಂಗಾಳಿಗಳ ನಡುವೆ, ಸಾಲ್ಟ್ ಲೇಕಿನ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರ ಬೆಳಿಗ್ಗೆ ಇಲ್ಲಿನ ಕನ್ನಡದ ಮಕ್ಕಳಿಗೆ ಓದಲು ಹೇಳಿಕೊಡುತ್ತೇನೆ. ಅವರಲ್ಲಿ ಆರು ವರ್ಷದ ಒಬ್ಬಳಿಗೆ ಭಾರಿ ಅವಸರ. ಧಾರವಾಡದಲ್ಲಿ ಅವಳ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿ, ಡಾಕ್ಟರು ಸದ್ಯಕ್ಕೆ ಓದಬೇಡಿ ಎಂದಿದ್ದರು. ಪುಸ್ತಕವಿಲ್ಲದೆ ಹೊತ್ತು ಹೋಗದ ಅಜ್ಜಿಗೆ ಫೋನಿನಲ್ಲಿ ತಾನೇ ಕಥೆ ಓದಿ ಹೇಳುತ್ತೇನೆಂದು ಮೊಮ್ಮಗಳು ಮಾತು ಕೊಟ್ಟುಬಿಟ್ಟಿದ್ದಳು. ಅಕ್ಷರ ಬರುತ್ತಿತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ.

ಪುಟದ ಅವಸರ

ಮೊದಲ ದಿನವೇ ಇರುವೆಯ ಕಥೆಯನ್ನು ನೀರು ಕುಡಿದ ಹಾಗೆ ಓದಿದಳು. ನಾನು ಬೀಗುತ್ತಿರುವಾಗಲೇ ಕಿಟಕಿಯ ಗಾಳಿಗೆ ಪುಟ ಮಗುಚಿತು. ಇವಳ ಓದು ನಿಲ್ಲಲಿಲ್ಲ. ಅಮ್ಮ ಹೇಳಿದ್ದ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಪುಟ ತಿರುಗಿತಲ್ಲೇ ಎಂದೆ.

"ಅದು ಮುಂದ ಹೋತು ಆಂಟಿ. ನಾ ಆಮ್ಯಾಲೆ ಹೋಗ್ತೀನಿ."

ಬೆರಳ ಕಾವಲು

ಅಂದಿನಿಂದ ಒಂದು ನಿಯಮ ಮಾಡಿದೆ: ಓದುವ ಪದದ ಕೆಳಗೆ ಬೆರಳಿರಬೇಕು, ತೆಗೆಯುವಂತಿಲ್ಲ. ಮುಂದಿನ ವಾರ ನಮ್ಮವರು ಇಲ್ಲಿನ ಹಾಲಿನ ಸಿಹಿ ಸಂದೇಶ್ ತಂದರು. ಮಕ್ಕಳೆಲ್ಲ ಎದ್ದರು, ಇವಳು ಏಳಲಿಲ್ಲ. ಸ್ವಲ್ಪ ನಿಮ್ಮ ಬೆರಳು ಕೊಡಿ ಎಂದು ನನ್ನ ಕೈ ಹಿಡಿದು, ಪದದ ಕೆಳಗೆ ಇಟ್ಟು, ತಿನ್ನಲು ಓಡಿದಳು. ಅವಳು ಬರುವವರೆಗೂ ನಾನು ಕದಲಲಿಲ್ಲ. ನಿಯಮ ಮಾಡಿದವಳು ನಾನೇ ತಾನೆ. ಸಂದೇಶ್ ಮುಗಿದಿತ್ತು.

ದೇವಿಯ ಪಾಲು

ಸರಸ್ವತಿ ಪೂಜೆಯ ದಿನ ಇಲ್ಲಿ ಮಕ್ಕಳು ಪುಸ್ತಕಗಳನ್ನು ದೇವಿಯ ಪಾದದ ಬಳಿ ಇಡುತ್ತಾರೆ. ಅಂದು ಯಾರೂ ಓದುವಂತಿಲ್ಲ. ಇವಳು ಕಥೆ ಪುಸ್ತಕವನ್ನು ನಮ್ಮ ಕಟ್ಟಡದ ಪೆಂಡಾಲಿನಲ್ಲಿಟ್ಟಳು. ಮರುದಿನ ತರಲು ಹೇಳಿದರೆ, ದೇವಿ ಇನ್ನೂ ಓದಿ ಮುಗಿಸಿಲ್ಲ, ಅವಳಿಗೂ ಕನ್ನಡ ನಿಧಾನ ಎಂದಳು. ಸಂಜೆ ವಿಸರ್ಜನೆ ಇದೆ ಎಂದು ತಿಳಿದದ್ದೇ ತಡ, ಗಾಬರಿಯಿಂದ ಓಡಿದಳು. ಹಿಂದೆಯೇ ಹೋಗಿ ನೋಡಿದರೆ, ಮೂರ್ತಿಯ ಮುಂದೆ ಕೂತು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ದೇವಿಗೆ ಕಥೆಯ ಕೊನೆ ಓದಿ ಹೇಳುತ್ತಿದ್ದಾಳೆ. ಅದು ಅಮ್ಮ ಹೇಳದ ಕಥೆ.

ಡಾಕ್ಟರ ಮಾತು

ಆ ಭಾನುವಾರ ನಮ್ಮ ಮನೆಯಿಂದಲೇ ಅಜ್ಜಿಗೆ ಫೋನು. ಒಂದೊಂದು ಪದಕ್ಕೂ ಬೆವರು ಹರಿಸುತ್ತಾ ಓದಿದಳು. ಕಡೆಯ ಸಾಲಿನಲ್ಲಿ ಹುಡುಗಿ ತಡವರಿಸಿದಳು. ಕಥೆ ಗೊತ್ತಿದ್ದ ಅಜ್ಜಿ ತಡೆಯಲಾರದೆ ಮುಂದಿನ ಪದ ತಾವೇ ಹೇಳಿಬಿಟ್ಟರು.

ಹುಡುಗಿ ಬೆರಳು ತೆಗೆಯದೆ ಫೋನಿನತ್ತ ಬಗ್ಗಿದಳು.

"ಅಜ್ಜಿ, ನೀ ಓದಬ್ಯಾಡ ಅಂತ ಡಾಕ್ಟರ್ ಹೇಳ್ಯಾರಲ್ಲ? ಸುಮ್ನ ಕೂಡು."