ಪೇಶಂಟನ ಮಂದಿ

ಸೋಮವಾರ ಮೌಲಾಸಾಬ ಆಡಿದ್ದು ಒಂದೇ ಒಂದು ಮಾತು. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಮೊಣಕೈ ಕಿತ್ತುಕೊಂಡವನೊಬ್ಬನನ್ನು ದವಾಖಾನೆಯ ಗಾಡಿಗೆ ಹತ್ತಿಸಿಕೊಳ್ಳುವಾಗ ಅವನ ಹಿಂದೆ ಇನ್ನೂ ಆರು ಮಂದಿ ಹತ್ತಲು ಬಂದರು. "ಬಿದ್ದಾಂವ ಒಬ್ಬನೋ, ಏಳು ಮಂದಿಯೋ?" ಎಂದು ಮೌಲಾಸಾಬ ಕೇಳಿಬಿಟ್ಟ. ಆ ಆರರಲ್ಲಿ ಒಬ್ಬ ದವಾಖಾನೆಯ ಕಮಿಟಿ ಮೆಂಬರರ ಷಡ್ಡಕನಾಗಿದ್ದ.

ಬುಧವಾರ ಬೆಳಿಗ್ಗೆ ದೊಡ್ಡ ಡಾಕ್ಟರಿಂದ ಕರೆ ಬಂತು. ಡಾಕ್ಟರು ಕನ್ನಡಕ ಒರೆಸುತ್ತಲೇ ಹೇಳಿದರು: "ಪೇಶಂಟನ ಮಂದೀನೂ ಪೇಶಂಟ್ ಇದ್ದಂಗ, ಮೌಲಾಸಾಬ. ಅವರಿಗೆ ಇಲ್ಲ ಅನಬ್ಯಾಡ. ಇನ್ನೊಂದು ತಕರಾರು ಬಂತಂದ್ರ ನಿನಗ ಆ ಗಾಡಿ ಮುಟ್ಟಲಿಕ್ಕೂ ಕೊಡಂಗಿಲ್ಲ."

ಒಂಬತ್ತು ವರ್ಷದಿಂದ ಮೌಲಾಸಾಬ ಆ ಗಾಡಿಯ ಅಟೆಂಡರ. ರಕ್ತ ನಿಲ್ಲಿಸುವುದು, ಮುರಿದ ಎಲುಬಿಗೆ ಪಟ್ಟಿ ಕಟ್ಟುವುದು, ಎಚ್ಚರ ತಪ್ಪಿದವನನ್ನು ಮಗ್ಗುಲಾಗಿ ಮಲಗಿಸುವುದು, ಎಲ್ಲವನ್ನೂ ಕಲಿತವನು. ವಾರ್ಡಿನ ಫಿನೈಲ್ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಗಾಡಿಯಲ್ಲಿ ಗಾಳಿಯಿತ್ತು, ದಾರಿಯಿತ್ತು, ಸ್ಟೇಷನ್ ರಸ್ತೆಯ ಟಾಂಗಾಗಳೆಲ್ಲ ಬದಿಗೆ ಸರಿದು ದಾರಿ ಬಿಡುವ ಮರ್ಯಾದೆಯಿತ್ತು. ಓಣಿಯಲ್ಲಿ ಅವನಿಗೆ ಗಾಡಿ ಮೌಲಾಸಾಬ ಎಂದೇ ಹೆಸರು. ಗಾಡಿ ಹೋದರೆ ಉಳಿಯುವುದು ಬರೀ ಮೌಲಾಸಾಬ. ಅಂತಹವರು ಆ ಓಣಿಯಲ್ಲಿ ಇನ್ನೂ ನಾಲ್ವರಿದ್ದರು. ಆದ್ದರಿಂದ ಇಂದಿನಿಂದ ಯಾವ ಪೇಶಂಟನ ಯಾವ ಸಂಬಂಧಿಕನಿಗೂ ಇಲ್ಲ ಎನ್ನಬಾರದೆಂದು ಅವನು ಅಲ್ಲೇ ನಿಂತು ನಿರ್ಧಾರ ಮಾಡಿದ.

ಒಂಬತ್ತು ಗಂಟೆಗೆ ತಿಕೋಟಾ ಅಂಚೆ ಕಚೇರಿಯಿಂದ ಫೋನು ಬಂತು. ಘೋಣಸಗಿಯ ಖಂಡಪ್ಪ ಎಂಬ ರೈತ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಇಳಿಸುವಾಗ ನಿಚ್ಚಣಿಕೆ ಜಾರಿ ಬಿದ್ದಿದ್ದಾನೆ, ಕಾಲು ಮುರಿದಿದೆ, ಗಾಡಿ ಕಳಿಸಿ ಎಂದು.

ಗಾಡಿಯ ಡ್ರೈವರ ಗುರಲಿಂಗಪ್ಪ ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದವನಲ್ಲ. ಗಾಡಿಗೆ ವಯಸ್ಸಾಗಿದೆ, ಹಿರಿಯರನ್ನು ಓಡಿಸಬಾರದು ಎಂಬುದು ಅವನ ಸಿದ್ಧಾಂತ. ಹಿಂದೆ ತಿರುಗಿ ನೋಡುವ ಅಭ್ಯಾಸವೂ ಅವನಿಗಿರಲಿಲ್ಲ. ಗಾಡಿಯ ತಗಡನ್ನು ಒಮ್ಮೆ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೊರಡಬೇಕು. ಇಷ್ಟೇ ಅವನಿಗೆ ಗೊತ್ತಿದ್ದ ಕಾನೂನು.

ಘೋಣಸಗಿ ಮುಟ್ಟಿದಾಗ ಹತ್ತೂವರೆ. ಅಂಗಳದ ಬೇವಿನ ನೆರಳಲ್ಲಿ ಖಂಡಪ್ಪ ಹೊರಸಿನ ಮೇಲೆ ಮಲಗಿದ್ದ. ಅವನ ಮುಖ ಬಿಟ್ಟು ಮಿಕ್ಕಿದ್ದೆಲ್ಲ ಮಂದಿಯಿಂದ ಮುಚ್ಚಿಹೋಗಿತ್ತು. ಎಲ್ಲಿ ನೋವು ಎಂದು ಮೌಲಾಸಾಬ ಕೇಳಿದರೆ ಹೆಂಡತಿ ರೇಣವ್ವ ಹೇಳಿದಳು. ಎಷ್ಟು ನೋವು ಎಂದು ಕೇಳಿದರೆ ಅಕ್ಕ ಹೇಳಿದಳು. ಹೇಗೆ ಬಿದ್ದ ಎಂಬುದನ್ನು ತಮ್ಮ ಯಮನಪ್ಪ ನಿಚ್ಚಣಿಕೆ ಹತ್ತಿ ತೋರಿಸಲು ಹೊರಟಿದ್ದ, ಮೌಲಾಸಾಬನೇ ಕೈ ಹಿಡಿದು ಇಳಿಸಿದ. ಖಂಡಪ್ಪನೊಬ್ಬ ಮಾತ್ರ ಬಾಯಿ ಬಿಡಲಿಲ್ಲ. ಬಿಡಲು ಅವನಿಗೆ ಸರದಿ ಬರಲಿಲ್ಲ.

ಮೌಲಾಸಾಬ ಎರಡು ಕಟ್ಟಿಗೆಯ ಪಟ್ಟಿ ಇಟ್ಟು, ಅರಿವೆ ಸುತ್ತಿ, ಅಚ್ಚುಕಟ್ಟಾಗಿ ಕಾಲು ಕಟ್ಟಿದ. ಖಂಡಪ್ಪನನ್ನು ದವಾಖಾನೆಯ ಸ್ಟ್ರೆಚರ್ ಮೇಲೆ ಮಲಗಿಸಿದ್ದೂ ಆಯಿತು. ಆಮೇಲೆ ಪೇಚು ಶುರುವಾಯಿತು.

ಯಾರು ಯಾರು ಬರುತ್ತೀರಿ ಎಂದು ಅವನು ಮೆಲ್ಲಗೆ ಕೇಳಿದ. ಒಂಬತ್ತು ಮಂದಿ ಬರುವವರಿದ್ದರು. ಗಾಡಿಯಲ್ಲಿ ನಾಲ್ವರು ಕುಳಿತರೆ ಐದನೆಯವನ ಮೊಣಕಾಲು ಬಾಗಿಲಿನಾಚೆ ಇರುತ್ತದೆ. ಇಲ್ಲ ಎಂಬ ಮಾತು ಮೌಲಾಸಾಬನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ಕ್ವಿನೈನ್ ಗುಳಿಗೆಯಂತೆ ನುಂಗಿ, "ಬರ್ರಿ, ಹತ್ತರಿ" ಎಂದ.

ಹತ್ತಿದರು. ನಾಲ್ಕು ಕೌದಿ, ರೊಟ್ಟಿಯ ಬುಟ್ಟಿ, ಖಾರದ ಹಿಂಡಿಯ ಡಬ್ಬಿ, ನೀರಿನ ಕೊಡ ಹತ್ತಿದವು. ಹಾಸಿಗೆ ಸಿದ್ಧವಿರಲಿ ಎಂದು ಕೌದಿಗಳನ್ನು ಸ್ಟ್ರೆಚರ್ ಇಡುವ ಜಾಗದಲ್ಲೇ ಉದ್ದಕ್ಕೆ ಒಟ್ಟಿದರು. ಇನ್ನು ಸ್ಟ್ರೆಚರ್ ಎತ್ತಬೇಕು. ತಲೆಯ ಕಡೆ ಯಮನಪ್ಪ, ಕಾಲಿನ ಕಡೆ ಮೌಲಾಸಾಬ ಬಗ್ಗಿದರು. ಅಷ್ಟರಲ್ಲಿ ಖಂಡಪ್ಪನ ಅಕ್ಕ ತಡೆದಳು. ದವಾಖಾನೆಗೆ ಹೋಗುವ ಮನುಷ್ಯನ ತಲೆಯ ಕಡೆ ಯಮನಪ್ಪ ಎಂಬ ಹೆಸರಿನವನು ಹಿಡಿಯಕೂಡದು ಎಂದು ಅವಳ ವಾದ. ಯಮನಪ್ಪನಿಗೆ ಸಿಟ್ಟು ಬಂತು. ಹೆಸರಿಟ್ಟವಳು ನೀನೇ ಅಲ್ಲವೇ ಎಂದು ಹೇಳಿ ಕೈಬಿಟ್ಟು ಗಾಡಿಯೊಳಗೆ ಹೋಗಿ ಮುಖ ತಿರುಗಿಸಿ ಕುಳಿತ. ಅವನ ಬದಲು ಅಕ್ಕನ ಮಗ, ಖಂಡಪ್ಪನ ಅಳಿಯ, ಹಿಡಿಯಲಿ ಎಂದಾಯಿತು. ಅಳಿಯ ಒಳಗೆ ಬುಟ್ಟಿ ಸರಿಸುತ್ತಿದ್ದ, ಬಂದೆ ಎಂದ.

ಅದೇ ಹೊತ್ತಿಗೆ ರೇಣವ್ವ ಮೌಲಾಸಾಬನನ್ನು ಕರೆದಳು. ಅವಳ ಚಿಗವ್ವನಿಗೆ ಗಾಡಿ ಹತ್ತಿದರೆ ವಾಂತಿಯಾಗುತ್ತದಂತೆ, ಮುದುಕಿಯನ್ನು ಮುಂದೆ ಡ್ರೈವರನ ಪಕ್ಕ ಕೂರಿಸಬೇಕಂತೆ. ಇವನು ಹೋಗಿ ಮುದುಕಿಯನ್ನು ಎತ್ತಿ ಕೂರಿಸಿದ. ಮುದುಕಿ ಅವನ ಕೈ ಬಿಡಲಿಲ್ಲ. ನೀನು ಪಕ್ಕದಲ್ಲಿಲ್ಲದಿದ್ದರೆ ಈಗಲೇ ವಾಂತಿ ಮಾಡುತ್ತೇನೆ ಎಂದಳು. ಮೌಲಾಸಾಬ ಅವಳ ಪಕ್ಕ ಕುಳಿತ. ಹಿಂದೆ ಎರಡು ಗಟ್ಟಿ ಗಂಡಸರಿದ್ದಾರೆ, ಎತ್ತಿ ಇಟ್ಟುಕೊಳ್ಳುತ್ತಾರೆ ಎಂದುಕೊಂಡ.

ಹಿಂದೆ ರೇಣವ್ವನಿಗೆ ಎಮ್ಮೆಯ ನೆನಪಾಯಿತು. ಪಕ್ಕದ ಮನೆಯ ಜುಲೇಖಾಳಿಗೆ ಎಮ್ಮೆಗೆ ನೀರು ಕುಡಿಸಲು ಹೇಳಬೇಕಿತ್ತು. ಅವಳ ಲಕ್ಷ್ಯ ಸೆಳೆಯಲೆಂದು ರೇಣವ್ವ ಗಾಡಿಯ ತಗಡನ್ನು ಧಡ್ ಧಡ್ ಎಂದು ಎರಡು ಸಲ ಬಡಿದಳು.

ಗುರಲಿಂಗಪ್ಪ ಗಾಡಿ ಬಿಟ್ಟ.

ಹಿಂದಿನ ಬಾಗಿಲು ಕುಲುಕಾಟಕ್ಕೆ ತಾನೇ ಮುಚ್ಚಿಕೊಂಡಿತು. ಒಳಗೆ ಕತ್ತಲೆ, ಮೇಲಾಗಿ ಇಕ್ಕಟ್ಟು. ಹೆಂಗಸರು ಸೆರಗು ಬಾಯಿಗಿಟ್ಟು ಅಳುತ್ತಿದ್ದರು. ಸ್ಟ್ರೆಚರ್ ಬಾಗಿಲ ಕಡೆ ಇದೆ ಎಂದು ಒಳಗಿನವರು ತಿಳಿದರು, ಒಳಗಿದೆ ಎಂದು ಬಾಗಿಲ ಕಡೆಯವರು ತಿಳಿದರು. ಅಕ್ಕ ದಾರಿಯುದ್ದಕ್ಕೂ ಕೌದಿಯ ಮೇಲೆ ಕೈಯಾಡಿಸುತ್ತ, ತಡಕೋ ತಮ್ಮಾ, ಬಂತು ಊರು ಎಂದು ಸಮಾಧಾನ ಹೇಳಿದಳು. ಕೌದಿ ತಡೆದುಕೊಂಡಿತು.

ತಿಕೋಟಾದಲ್ಲಿ ಪೇಶಂಟನಿಗೆ ಚಹಾ ಕುಡಿಸಬೇಕು ಎಂದು ರೇಣವ್ವ ತಗಡನ್ನು ಒಮ್ಮೆ ಬಡಿದಳು. ಮೌಲಾಸಾಬ ಇಳಿದು ಚಹಾದ ಬಶಿ ಹಿಡಿದುಕೊಂಡು ಹಿಂದಿನ ಬಾಗಿಲು ತೆಗೆದ. ಬೆಳಕು ಒಳಗೆ ಬಿತ್ತು. ಎಂಟು ಮಂದಿ ಕಂಡರು, ನಾಲ್ಕು ಕೌದಿ ಕಂಡವು.

"ನಮ್ಮವರೆಲ್ಲಿ?" ಎಂದಳು ರೇಣವ್ವ.

ಬಶಿಯ ಚಹಾ ಮೌಲಾಸಾಬನ ಪ್ಯಾಂಟಿನ ಮೇಲೆ ಚೆಲ್ಲಿತು. ಸುಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ಅಳಿಯ ಯಮನಪ್ಪನನ್ನು ನೋಡಿದ, ಯಮನಪ್ಪ ಅಕ್ಕನನ್ನು ನೋಡಿದ, ಅಕ್ಕ ಕೌದಿಯನ್ನು ಎತ್ತಿ ಕೆಳಗೆ ನೋಡಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಬೈದಾಡತೊಡಗಿದರು. ಚಹಾದಂಗಡಿಯವನು ವಿಷಯ ಕೇಳಿ ತಿಳಿದು, ಕೆಟಲಿ ಕೆಳಗಿಟ್ಟು ಕುಳಿತುಕೊಂಡು ನಕ್ಕ. ಗುರಲಿಂಗಪ್ಪ ಮಾತ್ರ, ಎರಡು ಸಲ ಬಡಿದದ್ದು ತಾನು ಸ್ಪಷ್ಟವಾಗಿ ಕೇಳಿದ್ದೇನೆ ಎಂದ.

ಗಾಡಿ ಹಿಂದಕ್ಕೆ ತಿರುಗಿತು. ಘೋಣಸಗಿಯ ಬೇವಿನ ಕೆಳಗೆ ಖಂಡಪ್ಪನಿರಲಿಲ್ಲ, ದವಾಖಾನೆಯ ಸ್ಟ್ರೆಚರ್ ಸಹ ಇರಲಿಲ್ಲ. ಜುಲೇಖಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಾವಿಯವರೆಗೆ ಗಾಡಿಯ ಹಿಂದೆ ಓಡಿದರೂ ಯಾರೂ ನಿಲ್ಲಿಸಲಿಲ್ಲ ಎಂದಳು. ಅವಳ ಗಂಡ ನಿಜಾಮುದ್ದೀನ ಮೇವಿನ ಕಣಕಿ ತುಂಬಿದ ಲಾರಿ ಹೊರಡಿಸುವವನಿದ್ದ. ನಾಲ್ಕು ಮಂದಿ ಸೇರಿ ಖಂಡಪ್ಪನನ್ನು ಸ್ಟ್ರೆಚರ್ ಸಮೇತ ಕಣಕಿಯ ಮೇಲೆ ಮಲಗಿಸಿ ಕಳಿಸಿದ್ದರು. ಬಬಲೇಶ್ವರದಲ್ಲಿ ಅರ್ಧ ಕಣಕಿ ಇಳಿಸಿ, ಅಲ್ಲಿಂದ ವಿಜಾಪುರದ ದವಾಖಾನೆಗೆ ಮುಟ್ಟಿಸುತ್ತೇನೆ ಎಂದು ಅವನು ಹೋಗಿದ್ದ.

ಮೌಲಾಸಾಬನ ಮನಸ್ಸು ನೇರ ವಿಜಾಪುರಕ್ಕೆ ಹೋಗಬೇಕು ಎಂದಿತು. ರೇಣವ್ವ ಬಬಲೇಶ್ವರಕ್ಕೇ ಹೋಗಬೇಕೆಂದಳು. ಅಲ್ಲಿ ಮಗಳು ಅಕ್ಕನಾಗಮ್ಮನ ಮನೆಯಿದೆ, ಮನುಷ್ಯ ಅಲ್ಲೇ ಇಳಿದಿರುತ್ತಾನೆ ಎಂದಳು. ಮೌಲಾಸಾಬ ಇಲ್ಲ ಎನ್ನಲಿಲ್ಲ. ಇನ್ನೊಂದು ತಕರಾರು ಎಂಬ ಮಾತು ಕಿವಿಯಲ್ಲಿ ನೊಣದಂತೆ ಗುಂಯ್ಗುಡುತ್ತಿತ್ತು.

ಬಬಲೇಶ್ವರದ ದಾರಿಯಲ್ಲಿ ಅವನ ಔಷಧದ ಪೆಟ್ಟಿಗೆ ಖಾಲಿಯಾಯಿತು. ಅಳಿಯನ ಹಲ್ಲಿಗೆ ಲವಂಗದೆಣ್ಣೆ ಹೋಯಿತು. ಯಮನಪ್ಪನ ಹಳೆಯ ಕುರುವಿಗೆ ಪಟ್ಟಿ ಹೋಯಿತು. ಚಿಗವ್ವ ಇದ್ದ ತಲೆನೋವಿನ ಗುಳಿಗೆಗಳನ್ನೆಲ್ಲ ಇಸಿದುಕೊಂಡು, ಮುಂದೆ ಬೇಕಾಗುತ್ತವೆ ಎಂದು ಸೆರಗಿಗೆ ಗಂಟು ಹಾಕಿದಳು. ಒಂಬತ್ತು ವರ್ಷದಲ್ಲಿ ಅಷ್ಟು ಔಷಧ ಒಂದೇ ದಿನ, ಅದೂ ಪೇಶಂಟ್ ಇಲ್ಲದೆ ಖರ್ಚಾದದ್ದು ಇದೇ ಮೊದಲು.

ಬಬಲೇಶ್ವರದಲ್ಲಿ ಅಕ್ಕನಾಗಮ್ಮ ಬಾಗಿಲಲ್ಲೇ ಇದ್ದಳು. ಅಪ್ಪ ಲಾರಿಯ ಮೇಲೆಯೇ ಚಹಾ ಕುಡಿದು, ಚೆನ್ನಾಗಿದ್ದೇನೆ ಎಂದು ಹೇಳಿ ಆಗಲೇ ಹೋದನೆಂದಳು. ಅಪ್ಪನನ್ನು ನೋಡಿದಾಗ ಅಳದವಳು ಅವ್ವನನ್ನು ನೋಡಿ ಅಳತೊಡಗಿದಳು. ತಾನೂ ಬರುತ್ತೇನೆ ಎಂದಳು. ಸೊಸೆಯನ್ನು ಒಬ್ಬಳೇ ಕಳಿಸುವುದು ಹೇಗೆ ಎಂದು ಅವಳ ಅತ್ತೆಯೂ ಹತ್ತಿದಳು. ಹನ್ನೊಂದಾಯಿತು.

ಆ ಭಾರಕ್ಕೆ ಊರು ಬಿಟ್ಟು ಎರಡು ಮೈಲಿಯಲ್ಲಿ ಹಿಂದಿನ ಗಾಲಿ ನಿಟ್ಟುಸಿರು ಬಿಟ್ಟು ಕುಳಿತುಕೊಂಡಿತು. ಗುರಲಿಂಗಪ್ಪ ಜಾಕ್ ಹಚ್ಚಿದ. ಹನ್ನೊಂದು ಮಂದಿ ಹುಣಸೆಮರದ ಕೆಳಗೆ ಕೌದಿ ಹಾಸಿ ರೊಟ್ಟಿಯ ಬುಟ್ಟಿ ಬಿಚ್ಚಿದರು. ಮೌಲಾಸಾಬನಿಗೆ ಊಟದ ಮೇಲೆ ಮನಸ್ಸಿರಲಿಲ್ಲ. ರೇಣವ್ವ ಬಿಡಲಿಲ್ಲ. ಸಜ್ಜೆ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೈಗೆ ಕೊಟ್ಟಳು. ನಸುಕಿನಲ್ಲಿ ಚಹಾ ಕುಡಿದು ಬಂದವನಿಗೆ ಆ ರೊಟ್ಟಿ ಎಷ್ಟು ರುಚಿಯಾಗಿತ್ತೆಂದರೆ ಎರಡನೆಯದಕ್ಕೂ ಇಲ್ಲ ಎನ್ನಲಾಗಲಿಲ್ಲ. ತಿನ್ನುತ್ತಿರುವಾಗಲೇ ಕಣ್ಣಲ್ಲಿ ನೀರು ಬಂತು. ಹಿಂಡಿ ಖಾರವಾಯಿತೇ ಎಂದು ಅಕ್ಕ ಕೇಳಿದಳು. ಹೌದು ಎಂದ.

ಆ ಹೊತ್ತಿಗೆ ಅವರಿಗೆಲ್ಲ ಅವನು ಮನೆಯವನೇ ಆಗಿಬಿಟ್ಟಿದ್ದ. ಬೆಳಿಗ್ಗೆಯಿಂದ ಒಂದು ಒರಟು ಮಾತಾಡಿಲ್ಲ, ಸರಕಾರಿ ಮಂದಿಗಿಂತ ಎಷ್ಟೋ ಮೇಲು ಎಂದು ಅಕ್ಕನಾಗಮ್ಮನ ಅತ್ತೆ ಹೊಗಳಿದಳು. ಮೌಲಾಸಾಬ ಆ ಹೊಗಳಿಕೆಯನ್ನು ಉಪ್ಪಿಲ್ಲದ ಸಾರಿನಂತೆ ನುಂಗಿದ. ಮಿಕ್ಕ ದಾರಿಯಲ್ಲಿ ಅವನು ದೊಡ್ಡ ಡಾಕ್ಟರಿಗೆ ಹೇಳಲು ನಾಲ್ಕು ಸುಳ್ಳು ಕಟ್ಟಿದ. ನಾಲ್ಕೂ ಚೆನ್ನಾಗಿದ್ದವು. ಆದರೆ ಪ್ರತಿಯೊಂದಕ್ಕೂ ಕೊನೆಯಲ್ಲಿ ಗಾಡಿಯೊಳಗೆ ಒಬ್ಬ ಪೇಶಂಟ್ ಬೇಕಾಗುತ್ತಿತ್ತು.

ನಾಲ್ಕೂವರೆಗೆ ಗಾಡಿ ದವಾಖಾನೆಯ ಅಂಗಳಕ್ಕೆ ಬಂತು. ಮೆಟ್ಟಿಲ ಮೇಲೆ ದೊಡ್ಡ ಡಾಕ್ಟರೇ ನಿಂತಿದ್ದರು. ಗಾಡಿಯಿಂದ ಒಬ್ಬೊಬ್ಬರಾಗಿ ಹನ್ನೊಂದು ಮಂದಿ ಇಳಿಯುವುದನ್ನು ಎಣಿಸಿದರು. ಆಮೇಲೆ ಖಾಲಿ ಗಾಡಿಯೊಳಗೆ ಒಮ್ಮೆ ಇಣುಕಿ, ಬಾ ಎಂದು ಮೌಲಾಸಾಬನನ್ನು ಒಳಗೆ ಕರೆದರು.

ಖಂಡಪ್ಪ ಕಾಟಿನ ಮೇಲೆ ಬಿಳಿಯ ಪ್ಲಾಸ್ಟರಿನ ಕಾಲು ಚಾಚಿಕೊಂಡು ಮಲಗಿದ್ದ. ಮುಖದಲ್ಲಿ ಎಂಥದೋ ಕಳೆಯಿತ್ತು. ಮೌಲಾಸಾಬನನ್ನು ನೋಡಿದವನೇ ಎರಡೂ ಕೈ ಜೋಡಿಸಿದ. ಮುಗಿಯಿತು, ಎಲ್ಲ ಹೇಳಿಬಿಟ್ಟಿದ್ದಾನೆ ಎಂದುಕೊಂಡು ಮೌಲಾಸಾಬ ನೆಲ ನೋಡಿದ.

"ಇವ್ರ ನೋಡ್ರಿ ಡಾಕ್ಟರ ಸಾಹೇಬ್ರ" ಎಂದ ಖಂಡಪ್ಪ. "ನನ್ನ ಲಗ್ನಾಗಿ ಮೂವತ್ತನಾಕ ವರ್ಸ ಆತು. ಜಡ್ಡಾಗಿ ಮಲಕೊಂಡಾಗೆಲ್ಲ ನಮ್ಮ ಮನಿ ಮಂದೆಲ್ಲಾ ಸುತ್ತ ಕುಂತು ಅಳತಾರ. ನನಗ ನರಳಾಕ ಸೈತ ಸಂದ ಸಿಗಂಗಿಲ್ಲ. ಈ ಪುಣ್ಯಾತ್ಮ ನನ್ನ ಕಾಲ ಕಟ್ಟಿ, ನನ್ನ ಬೇವಿನ ನೆಳ್ಳಾಗ ಮಲಗಿಸಿ, ಅವ್ರನಷ್ಟ ಹೇರಿಕೊಂಡ ಹ್ವಾದ. ನಾ ಕಣಕಿ ಮ್ಯಾಲ ಅಂಗಾತ ಮಲಗಿ, ಬಾಯಿ ತುಂಬ ನರಳಕೋತ ಬಂದ್ನಿ. ಇಷ್ಟ ಸಮಾಧಾನ ನನಗ ಎಂದೂ ಆಗಿದ್ದಿಲ್ಲ."

ಮೌಲಾಸಾಬ ತಲೆ ಎತ್ತಿದ. ದೊಡ್ಡ ಡಾಕ್ಟರು ನಗುತ್ತಿದ್ದರು. ಕಾಲು ಕಟ್ಟಿದ ರೀತಿ ಚೊಲೋ ಇದೆ, ಲಾರಿಯಲ್ಲಿ ಬಂದರೂ ಎಲುಬು ಅಲುಗಿಲ್ಲ ಎಂದರು. ಬಾಗಿಲಾಚೆ ರೇಣವ್ವ, ಯಮನಪ್ಪ, ಅಕ್ಕ ಒಬ್ಬರ ಮಾತು ಇನ್ನೊಬ್ಬರು ಕಸಿದುಕೊಂಡು, ಇಂಥ ಮನುಷ್ಯನನ್ನು ಎಲ್ಲೂ ಕಂಡಿಲ್ಲ ಎಂದು ವಾರ್ಡಿನ ನರ್ಸ್ ಬಾಯಿಯವರ ಮುಂದೆ ಹೇಳುತ್ತಿದ್ದರು. ತನ್ನ ಗಾಡಿ ಉಳಿಯಿತು ಎಂದು ಮೌಲಾಸಾಬನ ಜೀವ ತಂಪಾಯಿತು. ಖರೆ ಹೇಳಿಬಿಡಬೇಕೆಂದು ಒಮ್ಮೆ ಅನಿಸಿತ್ತು. ಈಗ ಯಾಕೆ ಎಂದು ಸುಮ್ಮನಾದ.

ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು.

"ಹನ್ನೊಂದು ಮಂದೀನ ಮುಂಜಾನಿಂದ ಸಂಜೀತನಕ ಪೇಶಂಟನ ಕಡೆ ಬರಗೊಡದ, ಅದೂ ನಗನಗತಾ ಇಟ್ಟಾಂವ ನೀ ಒಬ್ಬನ. ಇಂಥಾಂವನ್ನ ಗಾಡಿಯೊಳಗ ಇಟ್ಟು ಹಾಳು ಮಾಡಿದ್ವಿ. ನಾಳಿಂದ ನೀ ವಾರ್ಡಿನ ಬಾಗಲಕ್ಕ ಇರು. ಪೇಶಂಟನ ಮಂದೀನ ಸಂಭಾಳಿಸೋ ಕೆಲಸ ಪೂರಾ ನಿನಗ ಒಪ್ಪಿಸೇನಿ."

"ಸಾಹೇಬ್ರ, ಗಾಡಿ..." ಎಂದ ಮೌಲಾಸಾಬ.

ಗಾಡಿಗೆ ಯಾರಾದರೂ ಹೋಗುತ್ತಾರೆ, ಅದೇನು ದೊಡ್ಡ ಕೆಲಸ ಎಂದರು ಡಾಕ್ಟರು.

"ಖರೇ ಹೇಳ್ತೀನ್ರಿ ಸಾಹೇಬ್ರ. ನಾ ಬೇಕಂತ ಬಿಟ್ಟ ಬಂದಿಲ್ರಿ. ಪೇಶಂಟನ್ನ ಮರತ ಬಂದಿದ್ನಿ."

ಡಾಕ್ಟರು ಖಂಡಪ್ಪನ ಕಡೆ ನೋಡಿದರು, ಖಂಡಪ್ಪ ಡಾಕ್ಟರ ಕಡೆ ನೋಡಿದ. ಇಬ್ಬರೂ ಮೆಚ್ಚುಗೆಯಿಂದ ತಲೆಯಾಡಿಸಿದರು. ಮಾಡಿದ್ದನ್ನು ಹೇಳಿಕೊಳ್ಳದ ಇಂಥ ಗುಣ ಈಗಿನ ಕಾಲದಲ್ಲಿ ಅಪರೂಪ ಎಂದು ಡಾಕ್ಟರು ಹೇಳಿ, ಮುಂದಿನ ಕಾಟಿಗೆ ನಡೆದರು.

ಮೌಲಾಸಾಬ ಹೊರಗೆ ಬಂದ. ಪಡಸಾಲೆಯಲ್ಲಿ ಕೌದಿಗಳು ಹಾಸಿದ್ದವು. ಅವುಗಳ ಮೇಲೆ ಹನ್ನೊಂದು ಮಂದಿ ಮನೆಯಲ್ಲಿದ್ದಂತೆ ಕುಳಿತಿದ್ದರು. ಪ್ಲಾಸ್ಟರ್ ಬಿಚ್ಚಲು ಆರು ವಾರ ಬೇಕಂತೆ, ಅಲ್ಲಿಯವರೆಗೆ ತಾವು ಇಲ್ಲೇ ಇರುವುದಾಗಿ ಅಕ್ಕ ಹೇಳಿದಳು. ರೇಣವ್ವ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

"ಕೂಡ್ರಣ್ಣಾ" ಎಂದಳು. "ಬಾಗಲಕ್ಕ ನೀನ ಇರತೀ ಅಂತ ನರ್ಸ್ ಬಾಯಿ ಹೇಳಿದ್ರು, ನಮ್ಮ ಚಿಂತಿ ಹೋತು. ಇವತ್ತ ಅವಸರದಾಗ ನಮ್ಮ ಮಂದೀನೆಲ್ಲ ಕರಕೊಂಡ ಬರಾಕ ಆಗಲಿಲ್ಲ. ಉಳದವರು ನಾಳೆ ಬರತಾರ."